ಕೆರೆ ದಾರಿಯ ಸವಾರಿಗೆ ಚರ್ಮದ ಸೀಟು: ಬ್ರೂಕ್ಸ್ ಬಿ17

ಸೈಕಲ್ ಕೊಳ್ಳುವಾಗ ಗೇರ್ ಎಷ್ಟಿದೆ, ಬ್ರೇಕ್ ಯಾವುದು ಅಂತ ಎಲ್ಲರೂ ಕೇಳುತ್ತಾರೆ. ಸೀಟಿನ ಬಗ್ಗೆ ಕೇಳುವವರು ಕಡಿಮೆ. ಅದರಲ್ಲೂ ನಾವು ಹೆಂಗಸರು ಸೀಟಿನಿಂದ ಆಗುವ ನೋವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಸ್ವಲ್ಪ ದಿನ ಸಹಿಸಿಕೊಂಡು, ಆಮೇಲೆ ಸೈಕಲ್ಲನ್ನೇ ಮೂಲೆಗೆ ನಿಲ್ಲಿಸಿಬಿಡುತ್ತೇವೆ. ನನ್ನ ಗೆಳತಿಯರಲ್ಲೇ ಹಾಗೆ ಬಿಟ್ಟವರಿದ್ದಾರೆ. ಅವರಿಗಾಗಿಯೇ ಬ್ರೂಕ್ಸ್ ಬಿ17 ಎಂಬ ಚರ್ಮದ ಸೀಟಿನ ಬಗ್ಗೆ ಬರೆಯುತ್ತಿದ್ದೇನೆ.

ನನ್ನ ವಯಸ್ಸು ಐವತ್ತು ದಾಟಿದೆ. ಮನೆ ಮೈಸೂರು, ತವರು ಪಾಂಡವಪುರ. ನನ್ನದು ನಿಧಾನದ ಸವಾರಿ, ಗಂಟೆಗೆ ಹನ್ನೆರಡು ಹದಿಮೂರು ಕಿಲೋಮೀಟರ್ ಆದರೆ ಸಾಕು. ತವರಿಗೆ ಹೋದಾಗ ತೊಣ್ಣೂರು ಕೆರೆಯ ಕಡೆ ಹೊರಡುತ್ತೇನೆ. ಊರು ದಾಟಿದರೆ ನಾಲೆ, ಕಬ್ಬಿನ ಗದ್ದೆ, ಆಮೇಲೆ ಬೆಟ್ಟದ ಮಗ್ಗುಲಲ್ಲಿ ನೀರು. ಮೈಸೂರಿನಲ್ಲಿದ್ದರೆ ಇಲವಾಲದಿಂದ ತಿರುಗಿ ಸಾಗರಕಟ್ಟೆ ಕಡೆಗೆ, ಕನ್ನಂಬಾಡಿ ಕಟ್ಟೆಯ ಹಿನ್ನೀರಿಗೆ. ಹಿಂದಿನ ಕ್ಯಾರಿಯರ್‌ಗೆ ಒಂದು ಚೀಲ, ಅದರಲ್ಲಿ ಬುತ್ತಿ, ನೀರು, ಒಂದು ಟವೆಲ್. ನಡುನಡುವೆ ಇಳಿದು ಕೂರುತ್ತೇನೆ, ಹಕ್ಕಿ ನೋಡುತ್ತೇನೆ. ಇಂಥ ಸವಾರಿಯಲ್ಲಿ ಮೈಭಾರವೆಲ್ಲ ಸೀಟಿನ ಮೇಲೇ ಇರುತ್ತದೆ. ರೇಸ್ ಸೈಕಲ್‌ನವರ ಹಾಗೆ ಬಗ್ಗಿ ಕೈ ಮೇಲೆ ಭಾರ ಹಾಕುವುದಿಲ್ಲವಲ್ಲ.

ಮೊದಲು ನನ್ನ ಸೈಕಲ್ಲಿಗಿದ್ದದ್ದು ಮೆತ್ತನೆಯ ಜೆಲ್ ಸೀಟು. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದರೆ ಬಹಳ ಹಿತ. ಮೊದಲ ಅರ್ಧ ಗಂಟೆಯೂ ಹಿತ. ಆಮೇಲೆ ಜೋಮು ಶುರು. ಕಾರಣ ಸರಳ. ನಾವು ಕೂತಾಗ ಭಾರ ಹೊರಬೇಕಾದದ್ದು ಪೃಷ್ಠದ ಒಳಗಿರುವ ಎರಡು ಮೂಳೆಗಳು. ಸೀಟು ತೀರಾ ಮೆತ್ತಗಿದ್ದರೆ ಆ ಮೂಳೆಗಳು ಒಳಕ್ಕೆ ಇಳಿಯುತ್ತವೆ, ನಡುವಿನ ಸ್ಪಂಜು ಮೇಲಕ್ಕೆ ಉಬ್ಬಿ ನಾಜೂಕಾದ ಜಾಗವನ್ನು ಒತ್ತುತ್ತದೆ. ರಕ್ತದ ಓಡಾಟ ಕಡಿಮೆಯಾಗುತ್ತದೆ, ಉರಿಯೂ ಆಗುತ್ತದೆ. ಇದಕ್ಕೆ ಇನ್ನೊಂದು ಮೆತ್ತನೆಯ ಕವರ್ ಹಾಕಿದರೆ ತೊಂದರೆ ಜಾಸ್ತಿಯೇ ಆಗುತ್ತದೆ.

ಬ್ರೂಕ್ಸ್ ಬಿ17 ಇದಕ್ಕೆ ಪೂರ್ತಿ ವಿರುದ್ಧ. ಒಳಗೆ ಸ್ಪಂಜು ಇಲ್ಲ, ಜೆಲ್ ಇಲ್ಲ. ಉಕ್ಕಿನ ಚೌಕಟ್ಟು, ಅದರ ಮುಂದಿನ ತುದಿಗೂ ಹಿಂದಿನ ಪಟ್ಟಿಗೂ ರಿವೆಟ್ ಹೊಡೆದು ಬಿಗಿದ ಒಂದೇ ದಪ್ಪ ಚರ್ಮ. ನಡುವೆ ಖಾಲಿ. ನಾವು ಕೂರುವುದು ತೂಗುಹಾಕಿದ ಚರ್ಮದ ಮೇಲೆ. ಹೊಸದರಲ್ಲಿ ಮಣೆಯಷ್ಟು ಗಟ್ಟಿ. ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಎರಡು ಮೂಳೆ ಕೂರುವ ಕಡೆ ಎರಡು ಸಣ್ಣ ಗುಳಿ ಬೀಳುತ್ತವೆ. ಅಲ್ಲಿಂದ ಅದು ನಿಮ್ಮ ಸೀಟು. ಬೇರೆಯವರಿಗೆ ಸರಿಹೊಂದುವುದು ಕಷ್ಟ.

ನನಗೆ ಆ ಹೊತ್ತು ಬಂದದ್ದು ಸಾಗರಕಟ್ಟೆಯ ದಾರಿಯಲ್ಲಿ. ಬೆಳಗ್ಗೆ ಹೊರಟು ಹಿನ್ನೀರಿನ ಅಂಚಿಗೆ ತಲುಪಿ, ಚಿತ್ರಾನ್ನದ ಡಬ್ಬಿ ತೆಗೆದು ಕೂತಾಗ ಹೊಳೆಯಿತು: ದಾರಿಯುದ್ದಕ್ಕೂ ಸೀಟಿನ ನೆನಪೇ ಬಂದಿರಲಿಲ್ಲ! ಒಂದು ಸೀಟಿಗೆ ಇದಕ್ಕಿಂತ ದೊಡ್ಡ ಮೆಚ್ಚುಗೆ ನನಗೆ ಗೊತ್ತಿಲ್ಲ.

ಕಂಪನಿ ಹಳೆಯದು. 1866ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜಾನ್ ಬೌಲ್ಟ್‌ಬೀ ಬ್ರೂಕ್ಸ್ ಶುರು ಮಾಡಿದ್ದು ಕುದುರೆ ಜೀನು, ಚರ್ಮದ ಸಾಮಾನಿನ ವ್ಯಾಪಾರ. ಸೈಕಲ್ ಸೀಟಿನ ಪೇಟೆಂಟ್ 1882ರದ್ದು. ಬಿ17 ಬಂದದ್ದು 1890ರ ದಶಕದಲ್ಲಿ. ಈಗ ಒಡೆತನ ಇಟಲಿಯ ಸೆಲೆ ರಾಯಲ್ ಕಂಪನಿಯದು. ಚರ್ಮದ ಸೀಟುಗಳನ್ನು ಮಾತ್ರ ಈಗಲೂ ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನಲ್ಲೇ ಮಾಡುತ್ತಾರೆ. ನೂರು ವರ್ಷಕ್ಕೂ ಮೇಲೆ ಒಂದೇ ಮಾದರಿ ಉಳಿದುಕೊಂಡಿದೆ ಅಂದರೆ ಅದರಲ್ಲಿ ಏನೋ ಸರಿ ಇದೆ ಅಲ್ವಾ?

ಬೆಲೆ ಮಾತ್ರ ಜಾಸ್ತಿ. ಇಂಗ್ಲೆಂಡಿನಲ್ಲಿ ನೂರು ಪೌಂಡಿನ ಆಸುಪಾಸು. ನನಗೆ ಅಲ್ಲಿರುವ ತಂಗಿ ಮಗ ರಜಕ್ಕೆ ಬಂದಾಗ ತಂದುಕೊಟ್ಟ. ಕೂರಿಸುವುದು ಕಷ್ಟವಿಲ್ಲ, ನಮ್ಮ ಬೀದಿಯ ಸೈಕಲ್ ರಿಪೇರಿಯವರೇ ಐದು ನಿಮಿಷದಲ್ಲಿ ಹಾಕಿಕೊಟ್ಟರು. ಸೀಟಿನ ಅಡಿಯ ಕಂಬಿ ಸ್ವಲ್ಪ ಗಿಡ್ಡ, ಹಾಗಾಗಿ ಹಿಂದೆ ಮುಂದೆ ಸರಿಸಲು ಹೆಚ್ಚು ಜಾಗವಿಲ್ಲ. ಸೀಟಿನ ಮೂತಿ, ಅಂದರೆ ಮುಂದಿನ ತುದಿ, ಮಟ್ಟವಾಗಿ ಇರಲಿ, ಇಲ್ಲವೇ ಕೂದಲೆಳೆಯಷ್ಟು ಮೇಲಕ್ಕೆ. ಕೆಳಕ್ಕೆ ಬಾಗಿದರೆ ಮೈ ಮುಂದಕ್ಕೆ ಜಾರುತ್ತದೆ, ಮಣಿಕಟ್ಟು ನೋಯುತ್ತದೆ. ಮಾಮೂಲಿ ಬಿ17 ಜೊತೆಗೆ ಹೆಂಗಸರಿಗೆಂದು ಮೂತಿ ಗಿಡ್ಡವಾದ ಬಿ17 ಎಸ್ ಕೂಡ ಇದೆ. ಸೀರೆ, ಲಂಗ ಉಡುವವರಿಗೆ ಅದು ಸಲೀಸು. ನಾನು ಚೂಡಿದಾರ್ ಹಾಕುವುದರಿಂದ ಮಾಮೂಲಿಯದನ್ನೇ ತರಿಸಿದೆ. ಕಪ್ಪು ಬಣ್ಣದ್ದು ಮೊದಮೊದಲು ತಿಳಿ ಬಣ್ಣದ ಬಟ್ಟೆಗೆ ಅಂಟುವುದುಂಟು. ಜೇನು ಬಣ್ಣದ್ದು ತಗೊಳ್ಳಿ, ಕೂತು ಕೂತು ಅದು ಕಂದಾಗುವುದನ್ನು ನೋಡುವುದೇ ಚೆಂದ.

ಹ್ಯಾಂಡಲ್ ಸೀಟಿನಷ್ಟೇ ಎತ್ತರ ಇದ್ದರೆ ಬಿ17 ಸರಿಯಾಗಿ ಒಪ್ಪುತ್ತದೆ. ಹ್ಯಾಂಡಲ್ ತುಂಬಾ ಮೇಲಿದ್ದು ನೆಟ್ಟಗೆ ಕೂರುವವರು ಇದೇ ಕಂಪನಿಯ, ಸ್ಪ್ರಿಂಗ್ ಇರುವ ಇನ್ನೂ ಅಗಲವಾದ ಬಿ67 ನೋಡಿ. ಅದೂ ಇದೇ ಚರ್ಮ, ಹಿಂದೆ ಎರಡು ಸ್ಪ್ರಿಂಗ್. ನಮ್ಮ ಹಳ್ಳಿ ರಸ್ತೆಯ ಹಂಪುಗಳಿಗೆ ಅದು ಒಳ್ಳೆಯದು. ತೂಕ ಜಾಸ್ತಿ. ಬಿ17ನದೇ ಅರ್ಧ ಕಿಲೋ ಮೀರುತ್ತದೆ.

ಇನ್ನು ಮಳೆ. ಈ ಸೀಟಿನ ನಿಜವಾದ ಶತ್ರು ಅದೇ. ನೆನೆದ ಚರ್ಮದ ಮೇಲೆ ಕೂತು ತುಳಿದರೆ ಅದು ಹಿಗ್ಗಿ ಜೋತುಬೀಳುತ್ತದೆ, ಮತ್ತೆ ಮೊದಲಿನಂತೆ ಆಗುವುದಿಲ್ಲ. ಮೇಲಿನಿಂದ ಬೀಳುವ ನೀರು ಕಣ್ಣಿಗೆ ಕಾಣುತ್ತದೆ. ಹಿಂದಿನ ಚಕ್ರ ಎರಚುವ ನೀರು ಅಡಿಯಿಂದ ಬರುತ್ತದೆ, ಅದನ್ನು ಯಾರೂ ನೋಡುವುದಿಲ್ಲ. ಆದ್ದರಿಂದ ಮಡ್‌ಗಾರ್ಡ್ ಬೇಕೇ ಬೇಕು. ಚೀಲದಲ್ಲಿ ಒಂದು ಪ್ಲಾಸ್ಟಿಕ್ ಕವರ್ ಸದಾ ಇಟ್ಟಿರಿ. ಸ್ನಾನಕ್ಕೆ ತಲೆಗೆ ಹಾಕುವ ಟೋಪಿಯೂ ಆಗುತ್ತದೆ. ಒದ್ದೆಯಾದರೆ ಬಟ್ಟೆಯಿಂದ ಒರೆಸಿ ನೆರಳಿನಲ್ಲಿ ಒಣಗಿಸಿ. ಬಿಸಿಲಿಗೋ ಒಲೆಯ ಹತ್ತಿರವೋ ಇಟ್ಟರೆ ಬಿರುಕು ಬಿಡುತ್ತದೆ. ಜುಲೈ ಆಗಸ್ಟ್‌ನಲ್ಲಿ ಮನೆಯೊಳಗೇ ಬೂಷ್ಟು ಹಿಡಿಯಬಹುದು, ಗಾಳಿಯಾಡುವ ಕಡೆ ನಿಲ್ಲಿಸಿ.

ಕೊಬ್ಬರಿ ಎಣ್ಣೆ ಹಚ್ಚು ಅಂತ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ದಯವಿಟ್ಟು ಹಚ್ಚಬೇಡಿ. ಎಣ್ಣೆ ಕುಡಿದ ಚರ್ಮ ಬೇಗ ಮೆತ್ತಗಾಗಿ ಜೋಲುತ್ತದೆ. ಕಂಪನಿಯದೇ ಪ್ರೂಫೈಡ್ ಎಂಬ ಮೇಣದಂಥ ಮುಲಾಮು ಇದೆ. ಅದನ್ನು ಬಟ್ಟೆಯಲ್ಲಿ ತೆಳ್ಳಗೆ ಉಜ್ಜಿ, ಒಂದು ರಾತ್ರಿ ಬಿಟ್ಟು ಒರೆಸಿದರೆ ಮುಗಿಯಿತು. ವರ್ಷಕ್ಕೆ ಕೆಲವು ಸಲ ಸಾಕು. ಮೂತಿಯ ಕೆಳಗೆ ಬಿಗಿ ಮಾಡುವ ಒಂದು ಬೋಲ್ಟ್ ಇದೆ. ಚರ್ಮ ನಿಜವಾಗಿ ಸಡಿಲವಾದಾಗ ಮಾತ್ರ ಅದನ್ನು ಕಾಲು ಸುತ್ತು ತಿರುಗಿಸಿ. ಹೊಸ ಸೀಟಿಗೆ ಮುಟ್ಟಲೇಬೇಡಿ.

ಒಂದು ವಿಷಯ ಮೊದಲೇ ತಿಳಿದಿರಲಿ. ಇದು ದನದ ಚರ್ಮ. ಮುಲಾಮಿನಲ್ಲೂ ಪ್ರಾಣಿಗಳ ಕೊಬ್ಬು ಇರುತ್ತದೆ. ಚರ್ಮ ಬಳಸದವರು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಅಂಥವರಿಗೆ ಅದೇ ಕಂಪನಿಯ ಕೇಂಬಿಯಮ್ ಎಂಬ ಸೀಟು ಇದೆ, ರಬ್ಬರ್ ಮೇಲೆ ಬಟ್ಟೆಯ ಹೊದಿಕೆ. ಅದಕ್ಕೆ ಮುಲಾಮಿನ ಆರೈಕೆ ಬೇಕಿಲ್ಲ, ಚರ್ಮದ ಹಾಗೆ ಮಳೆಯ ಭಯವೂ ಇಲ್ಲ. ಮೂಳೆಗೆ ತಕ್ಕಂತೆ ಗುಳಿ ಬೀಳುವ ಗುಣ ಮಾತ್ರ ಅದಕ್ಕಿಲ್ಲ.

ದಿನಾ ಹಾಲಿಗೆ, ತರಕಾರಿಗೆ ಅಂತ ಹತ್ತು ನಿಮಿಷ ಓಡಿಸುವವರಿಗೆ ಇಷ್ಟು ದುಡ್ಡು ಬೇಡ. ಎರಡು ಮೂರು ಗಂಟೆ ಸುಮ್ನೆ ತುಳಿಯುತ್ತಾ ಕೆರೆ ಏರಿ, ನಾಲೆ ದಾರಿ ಸುತ್ತುವ ಆಸೆ ಇದ್ದು, ನೋವಿನಿಂದ ನಿಲ್ಲಿಸಿದವರು ಇದ್ದರೆ ಖಂಡಿತ ಕೊಳ್ಳಿ. ಮೊದಲ ಕೆಲವು ವಾರ ಒಂದೊಂದು ಗಂಟೆಯ ಸವಾರಿ ಮಾತ್ರ ಮಾಡಿ, ಒಮ್ಮೆಲೇ ಮೇಲುಕೋಟೆಗೆ ಹೊರಡಬೇಡಿ. ಸೀಟಿನ ಕಂಬಕ್ಕೆ ಕೈಯಲ್ಲೇ ಬಿಚ್ಚಬಹುದಾದ ಕ್ಲಾಂಪ್ ಇದ್ದರೆ ತೆಗೆಸಿ, ಸ್ಪಾನರ್ ಹಾಕುವ ಬೋಲ್ಟ್ ಹಾಕಿಸಿ. ಗುಡಿಯ ಮುಂದೆ ನಿಲ್ಲಿಸಿ ಒಳಗೆ ಹೋದರೆ ಸೈಕಲ್ ಬಿಟ್ಟು ಸೀಟನ್ನಷ್ಟೇ ಒಯ್ಯುವವರೂ ಇರುತ್ತಾರೆ.