ಹಳೆ 1.3, ಹೊಸ 1.5: ಆಟೋಕ್ರಾಸ್‌ಗೆ ನನ್ನ ಓಟು ಯಾವುದಕ್ಕೆ

ಮೊದಲೇ ಹೇಳಿಬಿಡುತ್ತೇನೆ, ಆಟೋಕ್ರಾಸ್‌ಗೆ, ಅಂದರೆ ಮೈದಾನದ ಟ್ರ್ಯಾಕ್‌ನಲ್ಲಿ ಗಡಿಯಾರದ ವಿರುದ್ಧ ಕಾರು ಓಡಿಸೋ ಪಂದ್ಯಕ್ಕೆ, ನನಗೆ ಹಳೆಯ 1.3 ಲೀಟರ್ ಎಂಜಿನ್ನೇ ಇಷ್ಟ. ಹೊಸ 1.5 ಒಂದೇ ಸೀಸನ್ನಿನಲ್ಲಿ ನನ್ನ ಕಾಫಿ ಬೆಳೆಯ ದುಡ್ಡು ನುಂಗಿತು. ಕಂಪನಿ ಹೆಸರು ಬೇಡ ಬಿಡಿ. ಎರಡೂ ಸಂಸಾರಸ್ಥರು ಸಂತೆಗೆ ಹೋಗಿ ಬರಲಿ ಅಂತ ಮಾಡಿದ ಎಂಜಿನ್ನುಗಳು. ಚಿಕ್ಕಮಗಳೂರಿನ ಮೈದಾನದಲ್ಲಿ ಕೆಮ್ಮಣ್ಣು ಎಬ್ಬಿಸೋಕೆ ಮಾಡಿದ್ದಲ್ಲ.

ಪವರ್‌ನಲ್ಲಿ 1.5 ಮುಂದೆ. ಅನುಮಾನವೇ ಇಲ್ಲ.

ತಲೆನೋವು ಆಯಿಲ್‌ದು. ಉದ್ದನೆಯ ತಿರುವಿನಲ್ಲಿ ಸಂಪ್‌ನ, ಅಂದರೆ ಎಂಜಿನ್ ತಳದ ಆಯಿಲ್ ತೊಟ್ಟಿಯ, ಆಯಿಲ್ ಒಂದು ಪಕ್ಕಕ್ಕೆ ಏರುತ್ತದೆ. ಡಾಂಬರು ಟ್ರ್ಯಾಕ್‌ನಲ್ಲಿ ಪಕ್ಕಕ್ಕೆ 1 ಜಿ ಬಲ (ಕಾರಿನ ತೂಕದಷ್ಟೇ ಬಲ) ಬಿದ್ದರೆ ಅದು 45 ಡಿಗ್ರಿ ವಾಲುತ್ತದೆ. ಮಣ್ಣಿನಲ್ಲಿ ಅದರ ಅರ್ಧ ಹಿಡಿತ ಸಿಕ್ಕರೂ ಸುಮಾರು 27 ಡಿಗ್ರಿ. ತಟ್ಟೆಯಲ್ಲಿ ಸಾರು ಹಿಡಿದು ಓಡಿದ ಹಾಗೆ. ಪಂಪಿನ ಕೊಳವೆ ಗಾಳಿ ಹೀರುತ್ತದೆ, ಬೇರಿಂಗ್ ಒಣಗುತ್ತದೆ. 1.5ರ ಸಂಪ್ ಚಪ್ಪಟೆ, ಆಳ ಕಡಿಮೆ.

1.5ರಲ್ಲಿ ಕೊನೆಯ ಎಡ ತಿರುವಿಗೆ ಪ್ರತಿ ಸಲ ಆಯಿಲ್ ಒತ್ತಡದ ಕೆಂಪು ದೀಪ ಮಿಣುಕುತ್ತಿತ್ತು. ನೇರ ದಾರಿಗೆ ಬಂದರೆ ಆರುತ್ತಿತ್ತು. ವೈರ್ ಲೂಸ್ ಇರಬೇಕು ಅಂತ ಸುಮ್ನೆ ಬಿಟ್ಟೆ. ಒತ್ತಡ ಹೆಚ್ಚುಕಡಿಮೆ ಪೂರ್ತಿ ಕುಸಿದ ಮೇಲೇ ಆ ದೀಪ ಹತ್ತೋದು ಅಂತ ಆಮೇಲೆ ಗೊತ್ತಾಯಿತು. ಆಯಿಲ್ ಅರ್ಧ ಲೀಟರ್ ಜಾಸ್ತಿ ಹಾಕು ಅಂದರು ಯಾರೋ. ಹಾಕಿದೆ. ಎಂಜಿನ್ ಒಳಗೆ ತಿರುಗುವ ದಂಡ, ಕ್ರ್ಯಾಂಕ್, ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಮಾಡಿತು. ನೀಲಿ ಹೊಗೆ ಬೇರೆ. ಕೆಲವೇ ದಿನಕ್ಕೆ 'ಟಕ್ ಟಕ್' ಶುರು. ಗ್ಯಾರೇಜಿನಲ್ಲಿ ಆಯಿಲ್ ಇಳಿಸಿದರೆ ಟ್ರೇ ತುಂಬ ಜರಿ ಉದುರಿದ ಹಾಗೆ ಮಿನುಗು. ಮೂರನೇ ಸಿಲಿಂಡರಿನ ಬೇರಿಂಗ್ ಶೆಲ್‌ನಲ್ಲಿ ಬೂದು ಪದರ ಸವೆದು ತಾಮ್ರ ಕಾಣುತ್ತಿತ್ತು. ಕ್ರ್ಯಾಂಕ್ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಗೆರೆ. ಆ ಗೆರೆ ಉಜ್ಜಿ ತೆಗೆಸೋ ಗ್ರೈಂಡಿಂಗ್‌ಗೆ ಅಂತ ಹಾಸನಕ್ಕೆ ಎರಡು ಸಲ ಅಲೆದೆ.

1.3ರ ಸಂಪ್ ಕಿರಿದು, ಆಳ. ಒಳಗೆ ತಡೆ ತಗಡು ವೆಲ್ಡ್ ಮಾಡಿಸಿ, ಕೊಳವೆಯ ಸುತ್ತ ಒಳಕ್ಕೆ ಮಾತ್ರ ತೆರೆಯುವ ಪುಟ್ಟ ಬಾಗಿಲು ಕೂರಿಸಿದೆವು. ಒತ್ತಡದ ಮೀಟರೂ ಹಾಕಿಸಿದೆ. ಅದೇ ಎಡ ತಿರುವಿನಲ್ಲಿ ಮುಳ್ಳು ಅಲುಗಲಿಲ್ಲ. ಇದನ್ನೇ 1.5ಕ್ಕೂ ಮಾಡಿಸಬಹುದಿತ್ತು ಅಲ್ವಾ? ಅದರದ್ದು ಅಲ್ಯೂಮಿನಿಯಂ ಸಂಪ್, ನಮ್ಮ ವೆಲ್ಡರ್ ಕೈ ಹಾಕಲಿಲ್ಲ. ಆಯಿಲನ್ನು ಬೇರೆ ಟ್ಯಾಂಕಿನಲ್ಲಿಡುವ ಡ್ರೈ ಸಂಪ್ ಕೂರಿಸೋ ದುಡ್ಡಿಗೆ ಇನ್ನೊಂದು ಹಳೆ ಕಾರೇ ಬರುತ್ತದೆ.

ನಾನು ಎಂಜಿನ್ ಕಿರುಚಿಸುವವನು. ಆರ್‌ಪಿಎಂ 6,000ದಿಂದ 7,500ಕ್ಕೆ ಏರಿದರೆ ಪಿಸ್ಟನ್ನನ್ನು ಕ್ರ್ಯಾಂಕ್‌ಗೆ ಜೋಡಿಸುವ ಕಾನ್‌ರಾಡ್‌ನ ಬೋಲ್ಟಿನ ಮೇಲಿನ ಎಳೆತ ಒಂದೂವರೆ ಪಟ್ಟು ದಾಟುತ್ತದೆ. ಅದಕ್ಕೇ 1.3ಕ್ಕೆ ಗಟ್ಟಿ ಬೋಲ್ಟ್ ಹಾಕಿಸಿದ್ದೇನೆ.

ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ನಡುವಿನ ಸೀಲು) ವಿಷಯದಲ್ಲಿ ಎರಡೂ ಸಮ. ಬಿಡಿಭಾಗ? 1.3ರದ್ದು ಗುಜರಿಯಲ್ಲೂ ಸಿಗುತ್ತದೆ.

1.3ರದ್ದು ಕಬ್ಬಿಣದ ಬ್ಲಾಕ್ (ಎಂಜಿನ್ನಿನ ಮೈ) ಅಂತ ಗೆಳೆಯರು ಮೂಗು ಮುರಿಯುತ್ತಾರೆ. 1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ಚಾಂಪಿಯನ್ ಆದಾಗ ಅವನ ಬಿಎಂಡಬ್ಲ್ಯೂ ಟರ್ಬೊ ಎಂಜಿನ್ನಿನದ್ದೂ ರಸ್ತೆ ಕಾರಿನ ಕಬ್ಬಿಣದ ಬ್ಲಾಕೇ ಆಗಿತ್ತು ಸ್ವಾಮಿ.

1.3ರಲ್ಲಿ ನಾನು ಲ್ಯಾಪ್‌ಗೆ ಎರಡು ಸೆಕೆಂಡ್ ಹಿಂದೆ. ಇರಲಿ. ಭಾನುವಾರ ಓಡಿಸಿ ಅದೇ ಕಾರಿನಲ್ಲಿ ಮನೆಗೆ ಬರಬೇಕಾದವನು ನಾನು. 1.5 ಈಗ ಕಾಫಿ ಕಣದ ಪಕ್ಕದ ಶೆಡ್‌ನಲ್ಲಿ ಟಾರ್ಪಾಲ್ ಹೊದ್ದು ಮಲಗಿದೆ. ಬೇಕಾದವರು ಬಂದು ಹೊತ್ತುಕೊಂಡು ಹೋಗಬಹುದು.