ಸಂಸದರ ನಿಧಿಯೋ, ಕಂಪನಿಯ ಸಿಎಸ್‌ಆರ್ ದುಡ್ಡೋ?

ಹೊಳಲ್ಕೆರೆ ಕಡೆಯ ಸಂಘವೊಂದು ಊರಿನ ಸರ್ಕಾರಿ ಶಾಲೆಗೆ ನೆರವು ಹುಡುಕುತ್ತಿದೆ ಅಂದುಕೊಳ್ಳಿ. ಕೊಠಡಿ ಬೇಕಿದ್ದರೆ ಸಂಸದರ ಪ್ರದೇಶಾಭಿವೃದ್ಧಿ ನಿಧಿಯೇ ಸರಿ. ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ ರೂಪಾಯಿ. ಅವರು ಶಿಫಾರಸು ಮಾಡುತ್ತಾರೆ, ಮಂಜೂರು ಮಾಡುವುದು ಜಿಲ್ಲಾಡಳಿತ. ಆದರೆ ಸಂಜೆ ಪಾಠ ಹೇಳುವವರ ಸಂಬಳಕ್ಕೆ ಇದರಲ್ಲಿ ದುಡ್ಡು ಸಿಗುವುದಿಲ್ಲ.

ಅಂಥ ಖರ್ಚಿಗೆ ಸಿಎಸ್‌ಆರ್, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು, ವಾಸಿ. ದುಡ್ಡು ಸಂಘದ ಖಾತೆಗೇ ಬರುತ್ತದೆ, ಹಾಗಾಗಿ ಕಾಗದಪತ್ರ ಜಾಸ್ತಿ. ಸಂಘದ ನೋಂದಣಿ, ಆದಾಯ ತೆರಿಗೆ ಇಲಾಖೆಯ ಮಾನ್ಯತೆಗಳಾದ 12ಎ ಮತ್ತು 80ಜಿ, ಸಿಎಸ್‌ಆರ್ ದುಡ್ಡು ಪಡೆಯಲು ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದಲ್ಲಿ ಮಾಡಿಸುವ ಸಿಎಸ್‌ಆರ್-1 ನೋಂದಣಿಯ ಸಂಖ್ಯೆ, ಮೂರು ವರ್ಷ ಕೆಲಸ ಮಾಡಿದ ದಾಖಲೆ, ಎಲ್ಲ ಬೇಕು. ಹೊಸ ಸಂಘಕ್ಕೆ ಕಷ್ಟ ಅಲ್ವಾ? ಹಳೆಯ ಸಂಸ್ಥೆಯೊಂದರ ಜೊತೆ ಸೇರಿ ಕೇಳುವುದು ಒಳ್ಳೆಯದು. ಅರ್ಜಿಯಲ್ಲಿ ‘ಮಕ್ಕಳ ಏಳಿಗೆಗೆ 3 ಲಕ್ಷ’ ಅಂತ ಸುಮ್ನೆ ಬರೆಯಬೇಡಿ. ಎಷ್ಟು ಮಕ್ಕಳು, ಎಷ್ಟು ತಿಂಗಳು, ಟೀಚರಿಗೆಷ್ಟು, ಪುಸ್ತಕಕ್ಕೆಷ್ಟು, ಬಿಡಿಸಿ ಬರೆಯಿರಿ.

ಬಡ ಮನೆಯೊಂದರ ಆಸ್ಪತ್ರೆ ಬಿಲ್ಲಿಗೆ ಇವೆರಡರ ಹಿಂದೆ ಓಡಾಡಬೇಡಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆ ಇದೆ. ಅದರಲ್ಲಿ ಬಾರದ ಖರ್ಚಿಗೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ.