‘ಲೂವ್ರ್‌ನಲ್ಲೇ ಬರೆದ ಆಯಿಲ್ ಪೇಂಟಿಂಗ್’ ಅಂತ ಪ್ರಿಂಟ್ ಮಾರ್ತಾರೆ, ಹುಷಾರು!

ದೊಡ್ಡ ಕಲಾವಿದರ ಚಿತ್ರದ ನಕಲು ತರಿಸೋ ಯೋಚನೆ ಇದ್ದರೆ ಮೊದಲು ಇದನ್ನು ಓದಿ. ಇನ್‌ಸ್ಟಾಗ್ರಾಂನಲ್ಲಿ ಮಾರುವ ಒಬ್ಬನಿಗೆ 48,000 ರೂಪಾಯಿ ಕೊಟ್ಟೆ. ಬಂದದ್ದು ಪ್ರಿಂಟ್. ಹೌದು, ಪ್ರಿಂಟ್! ಕ್ಯಾನ್ವಾಸ್ ಮೇಲೆ ಮೆಷಿನ್ನಲ್ಲಿ ಅಚ್ಚು ಹಾಕಿ, ಬ್ರಷ್ ಗೆರೆ ಇದ್ದ ಹಾಗೆ ಕಾಣಲಿ ಅಂತ ಮೇಲೆ ಬಣ್ಣವಿಲ್ಲದ ಜೆಲ್ ಬಳಿದಿದ್ದಾರೆ.

ನಾನು ಕೇಳಿದ್ದು ಫ್ರೆಂಚ್ ಕಲಾವಿದ ಫ್ರಾಂಸ್ವಾ ಜೆರಾರ್ 1798ರಲ್ಲಿ ಬರೆದ ‘ಕ್ಯೂಪಿಡ್ ಮತ್ತು ಸೈಕಿ’ ಅನ್ನೋ ಚಿತ್ರ. ಮೂಲ ಇರೋದು ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ. ರೆಕ್ಕೆಯ ಹುಡುಗ ಕ್ಯೂಪಿಡ್ ಬಗ್ಗಿ ಸೈಕಿಯ ಹಣೆಗೆ ಮುತ್ತಿಡುತ್ತಾನೆ. ಅವಳಿಗೆ ಅವನು ಕಾಣುವುದೇ ಇಲ್ಲ, ಸುಮ್ನೆ ಎಲ್ಲೋ ನೋಡುತ್ತಾ ಕೂತಿದ್ದಾಳೆ. ತಲೆಯ ಮೇಲೊಂದು ಚಿಟ್ಟೆ. ನನ್ನ ಹೆಂಡತಿಗೆ ಆ ಚಿತ್ರ ಅಂದ್ರೆ ಪ್ರಾಣ.

‘ನಮ್ಮ ಆರ್ಟಿಸ್ಟ್ ಲೂವ್ರ್ ಒಳಗೇ, ಒರಿಜಿನಲ್ ಎದುರು ನಿಂತು ಬರೀತಾರೆ ಸರ್. ಸೈಜೂ ಅದೇ, 186 ಇಂಟು 132 ಸೆಂಟಿಮೀಟರ್’ ಅಂದ. ದುಡ್ಡು ಪೂರ್ತಿ ಮುಂಗಡ. ವಾರದೊಳಗೆ ಪಾರ್ಸಲ್ ಬಂತು.

ಫ್ರೇಮ್ ಹಾಕಿಸಿ, ನೆಂಟರನ್ನೆಲ್ಲ ಊಟಕ್ಕೆ ಕರೆದೆವು. ಚಿತ್ರ ಬರೆಯುವ ಗೆಳತಿಯೊಬ್ಬಳೂ ಬಂದಿದ್ದಳು. ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ, ಎಲ್ಲರ ಎದುರೇ ‘ಇದು ಪ್ರಿಂಟ್ ಕಣೋ’ ಅಂದಳು. ನಮ್ಮ ಭಾವ ನಕ್ಕುಬಿಟ್ಟರು. ನನಗೆ ಅನ್ನ ಇಳಿಯಲಿಲ್ಲ.

ಜೆಲ್ ಗೆರೆಗಳು ಸೈಕಿಯ ಕೆನ್ನೆಯಿಂದ ನೇರ ಆಕಾಶಕ್ಕೆ ಹೋಗಿದ್ದವು, ಗೋಡೆಗೆ ಸುಣ್ಣ ಹೊಡೆದ ಹಾಗೆ. ಕೆನ್ನೆ ಎಲ್ಲಿ ಮುಗಿಯಿತು, ಮೋಡ ಎಲ್ಲಿ ಶುರುವಾಯಿತು ಅನ್ನೋ ಪರಿವೆಯೇ ಇಲ್ಲ. ಭೂತಗಾಜಿನಲ್ಲಿ ನೋಡಿದರೆ ಬರೀ ಪ್ರಿಂಟರಿನ ಚುಕ್ಕಿಗಳು.

ಮೆಸೇಜ್ ಹಾಕಿದೆ. ‘ಕೈಯಿಂದ ಮುಟ್ಟಿ ನೋಡಿ ಸರ್, ಬ್ರಷ್ ಗೆರೆ ಸಿಗುತ್ತೆ’ ಅಂತ ಉತ್ತರ. ಅಯ್ಯೋ, ಜೆರಾರ್ ಅಂದ್ರೆ ಫ್ರಾನ್ಸಿನ ದೊಡ್ಡ ಚಿತ್ರಕಾರ ದಾವೀದನ ಶಿಷ್ಯ! ಆ ಕಾಲದ ಆ ಪಂಥದವರು ಬ್ರಷ್ ಗುರುತೇ ಕಾಣದಂತೆ ಚರ್ಮವನ್ನು ನುಣುಪಾಗಿ ಬರೆಯುತ್ತಿದ್ದರು. ಮಾರಿದವನು ಸಾಕ್ಷಿ ಅಂತ ಕೊಟ್ಟದ್ದೇ ಅವನ ಕಳ್ಳತನಕ್ಕೆ ಸಾಕ್ಷಿ. ಆಮೇಲೆ ‘ಹ್ಯಾಂಡ್ ಫಿನಿಶ್ಡ್ ಅಂದ್ರೂ ಹ್ಯಾಂಡ್ ಪೇಂಟೆಡ್ಡೇ ಸರ್.’ ಆಮೇಲೆ ‘ಫ್ರೇಮ್ ಹಾಕಿಸಿದ್ದೀರಿ, ರಿಟರ್ನ್ ಇಲ್ಲ.’ ಕೊನೆಗೆ ಬಂದದ್ದು ಇದು: ‘ಮನೆಗೆ ಬಂದವರಿಗೆ ಗೊತ್ತಾಗಲ್ಲ ಬಿಡಿ ಸರ್.’ ಮೈ ಉರಿದುಹೋಯಿತು. ಗೊತ್ತಾಗಿದ್ದೇ ಮನೆಗೆ ಬಂದವರಿಗಲ್ವಾ!

ಲೂವ್ರ್‌ನಲ್ಲಿ 1793ರಿಂದಲೂ ನಕಲು ಮಾಡಲು ಬಿಡುತ್ತಾರೆ, ಅದು ನಿಜ. ಆದರೆ ಪರವಾನಗಿ ಬೇಕು. ಮೂಲದ ಅಳತೆಯಲ್ಲೇ ಬರೆಯುವಂತಿಲ್ಲ, ಕಡಿಮೆ ಅಂದ್ರೂ ಐದನೇ ಒಂದು ಭಾಗ ಚಿಕ್ಕದೋ ದೊಡ್ಡದೋ ಇರಬೇಕು. ಕ್ಯಾನ್ವಾಸಿನ ಹಿಂದೆ ಮ್ಯೂಸಿಯಂ ಮುದ್ರೆ ಬೀಳುತ್ತದೆ. ನನ್ನದರ ಹಿಂದೆ ಏನಿದೆ? ಏನೂ ಇಲ್ಲ, ಬೆಳ್ಳಗೆ.

ಪೂರ್ತಿ ದುಡ್ಡು ಮೊದಲೇ ಕೊಡಬೇಡಿ. ಅರ್ಧ ಬರೆದಿರುವಾಗ ವಿಡಿಯೋ ಕೇಳಿ, ಪಕ್ಕದಲ್ಲಿ ನಿಮ್ಮ ಹೆಸರು ಬರೆದ ಚೀಟಿ ಇಡಿಸಿ. ವಾರದಲ್ಲಿ ಕಳಿಸುತ್ತೇನೆ ಅಂದರೆ ನಂಬಲೇಬೇಡಿ. ಅಷ್ಟು ದೊಡ್ಡ ಎಣ್ಣೆ ಬಣ್ಣದ ಚಿತ್ರ ಬರೆದು ಒಣಗೋದಕ್ಕೆ ವಾರ ಎಲ್ಲಿ ಸಾಲುತ್ತೆ?

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಆಸಾಮಿ ನನ್ನನ್ನು ಬ್ಲಾಕ್ ಮಾಡಿದ್ದಾನೆ. ಪೇಜಿನ ಹೆಸರು ಹಾಕಿ ಉಪಯೋಗವಿಲ್ಲ, ನಾಳೆ ಬದಲಿಸುತ್ತಾನೆ. ‘ಲೂವ್ರ್ ಒಳಗೇ ಬರೆದದ್ದು’, ‘ಸೈಜೂ ಅದೇ’ ಅಂತ ಎರಡೂ ಒಟ್ಟಿಗೆ ಹೇಳುವವನು ಸಿಕ್ಕರೆ, ಅವನೇ ಇವನು ಅಂದುಕೊಳ್ಳಿ.